ಮಲಕಪ್ಪ ಹನೋಯ್‌ನಲ್ಲಿ ರಸ್ತೆ ತಡೆದದ್ದು

ಶಲವಡಿಯ ಮಲಕಪ್ಪನಿಗೆ ಬರುವ ವಿದ್ಯೆ ಎರಡೇ. ಒಂದು ಕಡಲೆ ಬಿತ್ತುವುದು, ಇನ್ನೊಂದು ರಸ್ತೆ ತಡೆಯುವುದು. ಎರಡನೆಯದರಲ್ಲಿ ಅವನಷ್ಟು ಕೈ ಪಳಗಿದವರು ನವಲಗುಂದ, ಅಣ್ಣಿಗೇರಿ ಕಡೆ ಇನ್ನೊಬ್ಬರಿಲ್ಲ. ಕಾಲುವೆಗೆ ನೀರು ಬಿಡಲಿಲ್ಲವೆಂದೋ, ಬೆಳೆವಿಮೆ ಬರಲಿಲ್ಲವೆಂದೋ ನಾವು ರೈತ ಸಂಘದವರು ಹೆದ್ದಾರಿಗೆ ಇಳಿದಾಗಲೆಲ್ಲ ಮುಂದೆ ಇರುತ್ತಿದ್ದದ್ದು ಅವನ ಬಂಡಿ. ಉಳಿದವರು ಟೈರು ಸುಟ್ಟು ಮುಖ ಕರಿ ಮಾಡಿಕೊಂಡರೆ, ಮಲಕಪ್ಪ ಬಂಡಿಯನ್ನು ಅಡ್ಡ ನಿಲ್ಲಿಸಿ, ಎತ್ತು ಬಿಚ್ಚಿ ಮನೆಗೆ ಕಳಿಸಿ, ಗಾಲಿ ಕಳಚದಂತೆ ಹಿಡಿಯುವ ಕೀಲನ್ನೇ ಕಿತ್ತು ಅಂಗಿ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಎಳೆದರೆ ಗಾಲಿ ಬೀಳುತ್ತದೆ. ಪೊಲೀಸರು ಸುತ್ತ ನಿಂತು ಕೈ ಹಿಸುಕಿಕೊಳ್ಳಬೇಕು, ಅಷ್ಟೆ. ಆಮೇಲೆ ಬಂಡಿಯ ಮುಂದೆ ಹಸಿರು ಶಾಲು ಹಾಸಿ ಕೂತುಬಿಡುತ್ತಿದ್ದ. ಲಾರಿ ಬರಲಿ, ಮಂತ್ರಿಯ ಕಾರು ಬರಲಿ, ಏಳುತ್ತಿರಲಿಲ್ಲ.

"ಕುಂತ ಮನಷ್ಯಾನ ಮ್ಯಾಲೆ ಗಾಡಿ ಹತ್ತಸೂ ಧೈರ್ಯ ಯಾವ ಡ್ರೈವರಗೂ ಇಲ್ಲೋ ತಮ್ಮಾ" ಎನ್ನುವುದು ಅವನ ಶಾಸ್ತ್ರ. ಆ ಶಾಸ್ತ್ರ ನಮ್ಮಲ್ಲಿ ಒಮ್ಮೆಯೂ ಸುಳ್ಳಾಗಿರಲಿಲ್ಲ.

ಹೋದ ವರ್ಷ ವಿಯೆಟ್ನಾಮಿನ ಹನೋಯ್‌ನಲ್ಲಿ ರೈತ ಸಂಘಟನೆಗಳ ಸಭೆ ಇತ್ತು. ಬರುವವರಲ್ಲಿ ಒಬ್ಬ ಹೆಣ್ಣುಮಗಳು ಇರಲೇಬೇಕು ಎಂಬುದು ಸಭೆ ಕರೆದವರ ಶರತ್ತು. ಹೋರಾಟಕ್ಕೆ ರೊಟ್ಟಿ ಬಡಿದು, ಲಾಠಿ ತಿಂದು, ಠಾಣೆಯಲ್ಲಿ ಕೂತು ಬಂದವಳು ಮಲಕಪ್ಪನ ಹೆಂಡತಿ ಮಲ್ಲಕ್ಕ. ಸಂಘದಿಂದ ಅವಳ ಹೆಸರೇ ಹೋಯಿತು. ಅವಳ ಹಿಂದೆ ಮಲಕಪ್ಪ, ಅವರ ಜೊತೆ ನಾನು. ಮಲಕಪ್ಪನಿಗೆ ಚಿಂತೆ ಇದ್ದದ್ದು ಹೆಂಡತಿಯ ಕಾಲಿನದು. ಅಣ್ಣಿಗೇರಿ ಸಂತೆಯಿಂದ ಬರುವಾಗ ಬೈಕೊಂದು ಬಡಿದು ಮುರಿದಿದ್ದ ಅವಳ ಎಡಗಾಲಿಗೆ ರಾಡು ಹಾಕಿದ್ದರು. ಓಡುವಂತಿರಲಿಲ್ಲ. ಇನ್ನೊಮ್ಮೆ ಪೆಟ್ಟು ಬಿದ್ದರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಹನೋಯ್‌ನ ರಸ್ತೆ ನೋಡಿ ನನಗೇ ಜೀವ ಬಾಯಿಗೆ ಬಂತು. ಬೈಕು, ಬೈಕು, ಮತ್ತೆ ಬೈಕು. ಬೆಣ್ಣಿಹಳ್ಳಕ್ಕೆ ಮಹಾಪೂರ ಬಂದಂತೆ. ಒಂದರ ಮೇಲೆ ಇಡೀ ಸಂಸಾರ, ಇನ್ನೊಂದರ ಮೇಲೆ ಬುಟ್ಟಿ ತುಂಬ ಬಾತುಕೋಳಿ, ಮತ್ತೊಂದರ ಮೇಲೆ ಕನ್ನಡಿ ಸಮೇತ ಕಪಾಟು. ಜನ ನಡೆಯುವ ಕಟ್ಟೆಯ ಮೇಲೂ ಅವೇ. ಕೆಂಪು ದೀಪಕ್ಕೆ ಮರ್ಯಾದೆ ಅಷ್ಟಕ್ಕಷ್ಟೆ. ಆದರೆ ಯಾರ ಮುಖದಲ್ಲೂ ಸಿಟ್ಟಿಲ್ಲ. ಇಷ್ಟು ಗದ್ದಲ ನಮ್ಮಲ್ಲಾಗಿದ್ದರೆ ಹೊತ್ತು ಏರುವುದರೊಳಗೆ ನಾಲ್ಕು ತಲೆ ಒಡೆದಿರುತ್ತಿದ್ದವು.

ಸಭೆಯ ದಿನ ನಮ್ಮ ವ್ಯಾನು ಸಭಾಭವನದ ಎದುರು, ರಸ್ತೆಯ ಆಚೆ ಬಾಜು ನಿಂತಿತು. ನಮ್ಮ ಉಸ್ತುವಾರಿಗೆ ಇದ್ದ ಅಲ್ಲಿಯ ಹುಡುಗಿ ಕೈ ಎತ್ತಿಕೊಂಡು ಎಲ್ಲರನ್ನೂ ಒಂದೇ ಗುಂಪಾಗಿ ದಾಟಿಸಿ ಒಳಗೆ ಹೋದಳು. ತಿರುಗಿ ನೋಡಿದರೆ ಮಲ್ಲಕ್ಕ ಇಲ್ಲ. ರೊಟ್ಟಿಗಂಟು ಮರೆತೆನೆಂದು ವ್ಯಾನಿಗೆ ಮರಳಿದ್ದಳು. ಈಗ ವ್ಯಾನೂ ಹೋಗಿತ್ತು. ಆಚೆ ದಂಡೆಯಲ್ಲಿ ಗಂಟು ಅವಚಿಕೊಂಡು ಒಬ್ಬಳೇ ನಿಂತಿದ್ದಳು.

"ನಿಂದ್ರು ಲೇ! ಅಲ್ಲೇ ನಿಂದ್ರು!" ಎಂದು ಮಲಕಪ್ಪ ಕೂಗಿದ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಅವಳು ಒಂದು ಕಾಲು ರಸ್ತೆಗೆ ಇಟ್ಟೇಬಿಟ್ಟಳು.

"ತಡಿಯೋ ಮಲಕಪ್ಪ, ಆ ಹುಡುಗೀನ ಕರ್ಕೊಂಡು ಬರ್ತೀನಿ" ಎಂದೆ.

"ನೀ ಬರೂದ್ರಾಗ ಅಕಿ ಕಾಲು ಹೋಗತೈತಿ" ಎಂದವನೇ ಹೆಗಲ ಶಾಲು ಜಾಡಿಸಿ ಇಳಿದ. ಹೇಗೆ ಹೋದನೋ, ನಡುರಸ್ತೆ ಮುಟ್ಟಿದ. ಶಾಲು ಹಾಸಿದ. ಕೂತ. ಎರಡೂ ಕೈ ಎತ್ತಿ "ಬಂದ್! ಬಂದ್!" ಎಂದು ಒದರಿದ.

ಒಂದು ಗಾಡಿಯೂ ನಿಲ್ಲಲಿಲ್ಲ. ಹಳ್ಳದ ನಡುವಿನ ಬಂಡೆಗೆ ನೀರು ಸೀಳಿದಂತೆ ಎಡಕ್ಕಷ್ಟು, ಬಲಕ್ಕಷ್ಟು ಸರಿದು ಪೀಂ ಪೀಂ ಎನ್ನುತ್ತ ಹೋದವು. ಯಾರೂ ಬೈಯಲಿಲ್ಲ. ಒಬ್ಬ ಮುದುಕ ನಕ್ಕು ತಲೆಬಾಗಿಸಿ ಹೋದ. ಬಾತುಕೋಳಿಯ ಬುಟ್ಟಿಯೊಂದು ಮಲಕಪ್ಪನ ಟೋಪಿ ಸವರಿಕೊಂಡು ಹೋಯಿತು. ಎತ್ತಿದ ಕೈ ಇಳಿದವು. ಈಗ ಏಳಲೂ ಬಾರದು, ಕೂತಿರಲೂ ಬಾರದು.

ಮಲ್ಲಕ್ಕನ ತವರು ಬಮ್ಮಿಗಟ್ಟಿಯ ಕುರಿಗಾರರ ಮನೆ. ಓಡುವ ಹಿಂಡಿನಲ್ಲಿ ಅಡ್ಡ ನಡೆದೇ ದೊಡ್ಡವಳಾದವಳು. ಅಲ್ಲಿ ಓಡಿದರೆ ಕುರಿ ಬೆದರುತ್ತವೆ, ತಟ್ಟನೆ ನಿಂತರೆ ಕಾಲಿಗೆ ತೊಡರುತ್ತವೆ. ಅದೇ ನಡಿಗೆಯನ್ನು ಇಲ್ಲಿ ನಡೆದಳು. ಕುಂಟುತ್ತ, ಒಂದೇ ಅಳತೆಯಲ್ಲಿ, ಬಲಗೈಯನ್ನು ಸೊಂಟದ ಮಟ್ಟಕ್ಕೆ ಚಾಚಿ, ಬಾಯಲ್ಲಿ ಕುರಿ ಸರಿಸುವ ಸದ್ದು ಮಾಡುತ್ತ. ಅವಳು ಎಲ್ಲಿ ಕಾಲಿಡುತ್ತಾಳೆಂದು ಮೊದಲೇ ತಿಳಿದವರಂತೆ ಬೈಕಿನವರು ದಾರಿ ಬಿಟ್ಟರು. ನೇರ ಗಂಡನ ಹತ್ತಿರ ಬಂದಳು.

"ಏಳ್ರಿ ಮ್ಯಾಲೆ. ಇಲ್ಲಿ ಯಾವ ಕಾಲವಿ ನೀರು ಬಿಡಸಾಕ ಕುಂತೀರಿ?"

"ನಿನ್ನ ದಾಟಸಾಕ ಕುಂತೀನಿ ಲೇ."

"ನಾ ದಾಟಾಕ ಹತ್ತೀನಿ. ನೀವ ನಡುವ ಸಿಕ್ಕೀರಿ. ಕೈ ಹಿಡೀರಿ. ಓಡಬ್ಯಾಡ್ರಿ, ನಿಂದ್ರಬ್ಯಾಡ್ರಿ."

ಇಬ್ಬರೂ ಈಚೆ ದಂಡೆ ಹತ್ತಿದರು. ಮಲಕಪ್ಪ ಕಟ್ಟೆಯ ಮೇಲೆ ಕುಸಿದು, ಚೀಲದ ಕಾಳು ಮುಟ್ಟಿ ನೋಡುವಂತೆ ಹೆಂಡತಿಯ ಎಡಗಾಲನ್ನು ಮೇಲಿಂದ ಕೆಳಗೆ ಒತ್ತಿ ನೋಡಿದ.

"ನೆಟ್ಟಗೈತಿ?"

"ಕಬ್ಬಣ ಐತ್ರಿ ಅದರಾಗ. ನಿಮ್ಮ ಟೋಪಿ ಹುಡುಕ್ರಿ ಮೊದಲ."

ಟೋಪಿ ಬಾತುಕೋಳಿಗಳ ಜೊತೆ ಹೋಗಿತ್ತು. ಮಲಕಪ್ಪ ಗಂಟು ಬಿಚ್ಚಿ ಅಲ್ಲೇ ಕಡಕ್ ರೊಟ್ಟಿ ಮುರಿದು ತಿನ್ನತೊಡಗಿದ. ತಿನ್ನುತ್ತ ನಗು ಹತ್ತಿತು, ನಿಲ್ಲಲೊಲ್ಲದು. ಸಭೆಯಲ್ಲಿ ಯಾರು ಏನು ಮಾತಾಡಿದರೋ, ನಮ್ಮ ಮೂವರಿಗೂ ನೆನಪಿಲ್ಲ.

ಊರಿಗೆ ಮರಳುವಾಗ ಅಣ್ಣಿಗೇರಿಯ ಹೊರಗೆ ನಾವು ಕೂತಿದ್ದ ಟಂಟಂ ರಿಕ್ಷಾ ನಿಂತಿತು. ಮುಂದೆ ರಸ್ತೆ ತಡೆ. ಗೋವಿನಜೋಳದ ದರ ಬಿತ್ತೆಂದು ನಮ್ಮ ಸಂಘದ ಹುಡುಗರೇ ಕೂತಿದ್ದರು. ಲಾರಿಯವರು ಅವರ ಅಪ್ಪ, ಅಜ್ಜಂದಿರನ್ನೆಲ್ಲ ಸೇರಿಸಿ ಬೈಯುತ್ತಿದ್ದರು. ಮಲಕಪ್ಪ ಕೆಳಗಿಳಿದು, ತೆನೆ ಹಿಡಿದ ಹೊಲ ನೋಡುವಂತೆ ಆ ನಿಂತ ಗಾಡಿಗಳ ಸಾಲು ನೋಡಿದ.

"ನಮ್ಮ ಮಂದಿ ಬೈತಾರ ಖರೆ. ಆದ್ರ ನಿಂದ್ರತಾರ ನೋಡ" ಎಂದ.

"ನಿಂತಾವಂತ ನಂಬಿ ಮತ್ತ ನಡುವ ಕುಂಡ್ರಬ್ಯಾಡ್ರಿ" ಎಂದು ಮಲ್ಲಕ್ಕ ಕೈ ಚಾಚಿದಳು. "ಬರ್ರಿ, ಹೋಗೂಣು."

ಹೆಂಡತಿಯ ಕೈ ಹಿಡಿದು ರಸ್ತೆ ದಾಟಿದ ಗಂಡಸನ್ನು ನಮ್ಮ ಕಡೆ ನಾನು ಕಂಡಿರಲಿಲ್ಲ. ಮಲಕಪ್ಪ ಹಿಡಿದ. ಅಷ್ಟು ಹೊತ್ತು ಬೈಯುತ್ತಿದ್ದ ಲಾರಿ ಡ್ರೈವರೊಬ್ಬ ಸೀಟಿ ಹೊಡೆದ. ಹುಡುಗರು ಹೋ ಎಂದರು. ಮಲಕಪ್ಪ ಕೈ ಬಿಡಲಿಲ್ಲ.