ಹನ್ನೊಂದಕ್ಕೇ ಬಿಟ್ಟ ಎಣಿಕೆ

ಫಿಲೋಮಿನಾ ಅಕ್ಕ, ನಿಮ್ಮ ಗಂಡ ಬಸ್ತ್ಯಾವಣ್ಣನ ರಕ್ತವನ್ನು ನಾನು ಪೂರ್ತಿ ನೋಡಲೇ ಇಲ್ಲ. ನೋಡದೆಯೇ ‘ಮಲೇರಿಯಾ ಕಂಡುಬಂದಿಲ್ಲ’ ಎಂದು ಬರೆದು, ಸಹಿ ಹಾಕಿ, ನಿಮ್ಮ ಕೈಗೆ ಕೊಟ್ಟೆ. ಆಗ ನಾನು ಕಾದಂಬರಿ ಓದುತ್ತಿದ್ದೆ — ಪ್ರೇಮದ ಕಾದಂಬರಿ.

ಏಳು ವರ್ಷ ಈ ಮಾತನ್ನು ಮುಚ್ಚಿಟ್ಟೆ. ನನ್ನ ಗುರುತು ನಿಮಗಿದೆ. ಹಳಿಯಾಳದ ಬಸ್ ಸ್ಟ್ಯಾಂಡಿನ ಹಿಂದೆ ರಕ್ತಪರೀಕ್ಷೆಯ ಸಣ್ಣ ಲ್ಯಾಬ್ ಇತ್ತಲ್ಲ, ಈಗ ಮುಚ್ಚಿದೆ, ಅಲ್ಲಿ ಕೂರುತ್ತಿದ್ದ ಶಬಾನಾ. ದಿನಾ ದಾಂಡೇಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಚೀಲದಲ್ಲಿ ಊಟದ ಡಬ್ಬಿಯ ಜೊತೆ ಒಂದು ಪುಸ್ತಕ ಇರಲೇಬೇಕು. ಆ ವಾರದ ಪುಸ್ತಕ — ತೌಬಾ, ಎಂಥ ಪುಸ್ತಕ! ಒಂದೇ ಪ್ರಯೋಗಾಲಯದಲ್ಲಿ ಇಬ್ಬರು ವಿಜ್ಞಾನಿಗಳು. ಬೆಳಗ್ಗೆ ಮೈಕ್ರೋಸ್ಕೋಪಿಗಾಗಿ ಜಗಳ, ಸಂಜೆ ಗಾಜಿನ ಬೀಕರಿನಲ್ಲಿ ಚಹಾ ಕಾಸಿ ಇಬ್ಬರೂ ಹಂಚಿಕೊಳ್ಳುವುದು. ನನ್ನ ಹಾಗೆ ಬಿಳಿ ಕೋಟು ಹಾಕಿದವಳು, ನನ್ನ ಹಾಗೆ ದಿನವೆಲ್ಲ ಮಸೂರಕ್ಕೆ ಕಣ್ಣು ಅಂಟಿಸಿ ಕೂರುವವಳು — ಅವಳನ್ನೂ ಒಬ್ಬ ಪ್ರೀತಿಸುತ್ತಾನೆ! ನಮ್ಮಂಥವರ ಬಗ್ಗೆ ಯಾರು ಬರೆಯುತ್ತಾರೆ ಅಕ್ಕ? ಹುಚ್ಚು ಹಿಡಿದಿತ್ತು ನನಗೆ.

ಅವತ್ತು ಮಧ್ಯಾಹ್ನ ನೀವಿಬ್ಬರೂ ಬಂದಿರಿ. ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಜ್ವರ ಹೊತ್ತು ತಂದಿದ್ದ ಬಸ್ತ್ಯಾವಣ್ಣ, ಒಲೆಹೊಗೆಯ ವಾಸನೆಯ ಕೌದಿ ಹೊದ್ದು ಬೆಂಚಿನ ಮೇಲೆ ನಡುಗುತ್ತಿದ್ದರು. ಬೆರಳು ಚುಚ್ಚಿ ರಕ್ತ ತೆಗೆದು, ಸ್ಲೈಡಿಗೆ ಸವರಿ, ಅದು ಒಣಗುವವರೆಗೆ ಎಂದು ಪುಸ್ತಕ ತೆರೆದೆ. ಅಷ್ಟು ಜ್ವರದಲ್ಲೂ ಅವರಿಗೆ ಕುತೂಹಲ.

“ಏನ್ರಿ ಮೇಡಂ, ಒಬ್ರ ನಗಾಕತ್ತೀರಿ?”

ಕಥೆ ಹೇಳಿದೆ. ಬೀಕರಿನ ಚಹಾದ ಮಾತು ಕೇಳಿ ನೀವು ಸೆರಗು ಬಾಯಿಗೊತ್ತಿಕೊಂಡು ನಕ್ಕಿರಿ, ನೆನಪಿದೆಯೆ? ಅವರು ಹಲ್ಲು ಕಟಕಟ ಅನ್ನುತ್ತಿದ್ದರೂ ಕೇಳಿದರು, “ಮುಂದೇನಾತ್ರಿ?”

“ಇನ್ನಾ ಓದಿಲ್ರಿ ಅಣ್ಣಾ. ಆರಾಮಾಗಿ ಬರ್ರಿ, ಹೇಳ್ತೇನಿ.”

ನಮ್ಮ ಕೆಲಸಕ್ಕೊಂದು ಕಟ್ಟುನಿಟ್ಟು ಇದೆ. ಮೈಕ್ರೋಸ್ಕೋಪಿನಡಿ ಸ್ಲೈಡನ್ನು ಚೂರು ಚೂರು ಸರಿಸುತ್ತ ನೂರು ಕಡೆ ನೋಡಬೇಕು. ನೂರರಲ್ಲೂ ರೋಗಾಣು ಕಾಣದಿದ್ದರೆ ಮಾತ್ರ ‘ಇಲ್ಲ’ ಎಂದು ಬರೆಯಬೇಕು. ನಾನು ಎಣಿಸುತ್ತ ಹೋದೆ. ಹನ್ನೊಂದಕ್ಕೆ ಬಂದಾಗ ತಡೆಯಲಾಗಲಿಲ್ಲ — ಮಗುಚಿಟ್ಟ ಪುಟದಲ್ಲಿ ನಾಯಕಿ ಏನೋ ಹೇಳಲು ಹೊರಟಿದ್ದಳು. ಒಂದೇ ಪುಟ ಎಂದುಕೊಂಡೆ. ಆ ಪುಟದಲ್ಲಿ — ಇದನ್ನು ಬರೆಯಲು ಕೈ ಬರುತ್ತಿಲ್ಲ — ಅವಳು ತನ್ನವನಿಗೆ ಹೇಳುತ್ತಾಳೆ, ಒಂದು ಲೆಕ್ಕ ತಪ್ಪಿದ್ದೇನೆ, ನಮ್ಮ ಮೂರು ವರ್ಷದ ಕೆಲಸ ಸುಳ್ಳು ಎಂದು. ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳ ಪ್ರಾಮಾಣಿಕತೆಗೆ ನಾನು ಗಳಗಳ ಅತ್ತೆ. ಅಳುತ್ತಲೇ ನಿಮ್ಮ ರಿಪೋರ್ಟಿಗೆ ಸಹಿ ಹಾಕಿದೆ.

ಸ್ಲೈಡಿನ ಕಡೆ ಮತ್ತೆ ತಿರುಗಲಿಲ್ಲ.

ನಾಲ್ಕನೆಯ ದಿನ, ಧಾರವಾಡಕ್ಕೆ ಒಯ್ಯುವ ದಾರಿಯಲ್ಲಿ ಬಸ್ತ್ಯಾವಣ್ಣ ತೀರಿಕೊಂಡರೆಂದು ಸುದ್ದಿ ಬಂತು. ಬಾಗಿಲು ಹಾಕಿಕೊಂಡು ಆ ಸ್ಲೈಡ್ ಹುಡುಕಿ ತೆಗೆದು, ಮೊದಲಿನಿಂದ ಎಣಿಸಿದೆ. ಹನ್ನೊಂದರವರೆಗೆ ಏನೂ ಇಲ್ಲ. ಹನ್ನೆರಡರಲ್ಲಿ ಇದ್ದವು. ರಕ್ತಕಣಗಳೊಳಗೆ ಮಲೇರಿಯಾದ ಸಣ್ಣ ಸಣ್ಣ ಉಂಗುರಗಳು, ಒಂದಲ್ಲ, ಎರಡಲ್ಲ. ಹಿಂದಿನ ಬೆಂಚು ಕಿರ್ ಎಂದಿತು. “ಮುಂದೇನಾತ್ರಿ?” — ಬಸ್ತ್ಯಾವಣ್ಣನದೇ ದನಿ.

ತಿರುಗಿ ನೋಡಿದೆ. ಬೆಂಚು ಖಾಲಿ.

ನಂಬುತ್ತೀರೋ ಬಿಡುತ್ತೀರೋ, ಅಂದಿನಿಂದ ಅದು ನಿಂತಿಲ್ಲ. ಈಗ ದಾಂಡೇಲಿಯಲ್ಲಿ ಕೆಲಸ. ಹಾಡುಹಗಲು, ಹೊರಗೆ ಜನ, ಪ್ಲಾಸ್ಟಿಕ್ ಕುರ್ಚಿಗಳು. ಆದರೂ ಯಾರ ಸ್ಲೈಡ್ ಇಟ್ಟರೂ ಹನ್ನೊಂದು ದಾಟುವಾಗ ಕೌದಿಯ ಹೊಗೆವಾಸನೆ ಬರುತ್ತದೆ, ಬೆನ್ನ ಹಿಂದೆ ಹಲ್ಲು ಕಟಕಟಿಸುತ್ತವೆ. ಪುಸ್ತಕದ ಕಥೆ ಇನ್ನೂ ವಿಚಿತ್ರ. ಅದನ್ನು ಸುಡಲಿಲ್ಲ, ಆಸೆ ಬಿಡಲಿಲ್ಲ, ಮತ್ತೆ ಮತ್ತೆ ಓದಿದೆ. ಈಗ ಅದರ ನಾಯಕ ಬಾಯಿ ತೆರೆದರೆ ಬಸ್ತ್ಯಾವಣ್ಣನ ದನಿ. ನಾಯಕಿಯ ಪಕ್ಕ ನಿಂತವರು ಅವರೇ, ಕೌದಿ ಹೊದ್ದು. ಅಚ್ಚಾದ ಅಕ್ಷರ ಹಾಗೇ ಇದೆ, ನಾನು ಬೆರಳಿಟ್ಟು ನೋಡಿದ್ದೇನೆ. ಓದಲು ಶುರುಮಾಡಿದರೆ ಮಾತ್ರ ಅವರೇ ಮಾತಾಡುತ್ತಾರೆ. ಇಷ್ಟಾದರೂ ನನಗೆ ಆ ಪುಸ್ತಕ ಇಷ್ಟ — ನಾನೆಂಥವಳು ಎಂದು ನನಗೇ ಭಯವಾಗುತ್ತದೆ.

ಆದರೆ ನನ್ನ ದೊಡ್ಡ ತಪ್ಪು ಇದೂ ಅಲ್ಲ. ವರ್ಷ ಕಳೆದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿರಿ. ನೀವೇ ಬಂದು ನನ್ನ ಕೈ ಹಿಡಿದುಕೊಂಡಿರಿ.

“ರಿಪೋರ್ಟ್ ಛಲೋ ಬಂದಿತ್ತಲ್ರಿ ಮೇಡಂ, ಅದಕ್ಕ ಅವ್ರನ್ನ ಮನ್ಯಾಗ ಇಟ್ಕೊಂಡ್ನಿ. ನಮ್ಮತ್ತಿ ಅಂತಾಳ, ನನ್ನ ಮಗನ್ನ ನೀನ ಕೊಂದಿ ಅಂತ. ನನ್ನ ಕೈಯಾನ ನೀರ ಸೈತ ಕುಡ್ಯಾಂಗಿಲ್ಲ. ಖರೇನ ಐತೇನೋ — ನಾ ಲಗೂನ ಕರ್ಕೊಂಡ ಹೋಗಿದ್ರ...”

ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ. ಬಂದ ಮಾತು ಇದು: “ಹಣೇಬರಾಕ್ಕ ಯಾರೇನ್ ಮಾಡಾಕ ಆಗತೈತಿ ಅಕ್ಕಾ.”

ನೀವು ತಲೆಯಾಡಿಸಿ ಬಸ್ ಹತ್ತಿದಿರಿ. ನನ್ನ ಪಾಪವನ್ನು ನಿಮ್ಮ ತಲೆಗೆ ಕಟ್ಟಿ ಕಳಿಸಿದೆ. ಅವರು ಸತ್ತದ್ದು ನನ್ನ ಅಜಾಗರೂಕತೆಯಿಂದ; ಅವತ್ತು ಎಲ್ಲ ತಿಳಿದೇ ಸುಳ್ಳು ಹೇಳಿದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಈ ಭಾನುವಾರ ನೀವು ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಮನೆಗೆ ಬರುವ ಹೊತ್ತಿಗೆ ನಾನೇ ತರುತ್ತೇನೆ, ಇಷ್ಟು ವರ್ಷ ಎತ್ತಿಟ್ಟ ಆ ಸ್ಲೈಡನ್ನೂ ತರುತ್ತೇನೆ. ಪೊಲೀಸರಿಗೆ ಕೊಡುವುದಾದರೆ ಕೊಡಿ. ಕ್ಷಮಿಸಿ ಎನ್ನುವುದಿಲ್ಲ, ಆ ಭಾರವನ್ನೂ ನಿಮ್ಮ ಮೇಲೆ ಹೇರಲಾರೆ. ನಿಮ್ಮ ಅತ್ತೆಯನ್ನು ಮಾತ್ರ ಎದುರಿಗೆ ಕೂರಿಸಿ. ಅವರಿಗೆ ಕಿವಿ ಮಂದ ಎಂದು ಕೇಳಿದ್ದೇನೆ. ಹತ್ತಿರ ಕೂತು ಗಟ್ಟಿಯಾಗಿ ಹೇಳುತ್ತೇನೆ — “ಅವ್ವಾ, ನಿಮ್ಮ ಮಗನ್ನ ಕೊಂದಾಕಿ ನಿಮ್ಮ ಸೊಸಿ ಅಲ್ಲರಿ, ನಾನು.” ಕೇಳಿಸದಿದ್ದರೆ ಇನ್ನೊಮ್ಮೆ ಹೇಳುತ್ತೇನೆ.