ರೋಗಿಯ ಪಾರ್ಟು

ನಾನು ಓದಿದ್ದು ಏಳನೇ ಕ್ಲಾಸು. ಆದರೂ ಮಧುಗಿರಿಯ ನರ್ಸಿಂಗ್ ಶಾಲೆಯಲ್ಲಿ ಹಾಸಿಗೆಯ ಮೂಲೆ ಮಡಿಸುವುದನ್ನು ಹುಡುಗಿಯರಿಗೆ ಕಲಿಸಿದವನು ಅಟೆಂಡರ್ ಆದ ನಾನೇ. ಬೇಕಾದರೆ ಕೇಳಿ ನೋಡಿ.

ಹೋದ ವರ್ಷ ಶಾಲೆಯ ಮೇಡಂ ಒಂದು ಹೊಸ ಪಾಠ ಇಟ್ಟರು. ಮಂಗಳಮುಖಿಯರು, ಗಂಡಸನ್ನೇ ಮೆಚ್ಚಿದ ಗಂಡಸರು, ಹೆಣ್ಣನ್ನೇ ಮೆಚ್ಚಿದ ಹೆಂಗಸರು ಆಸ್ಪತ್ರೆಗೆ ಬಂದರೆ ಹೇಗೆ ನೋಡಿಕೊಳ್ಳಬೇಕು ಎಂಬುದು. ಹುಡುಗಿಯರು ತಪ್ಪಿದರೆ ತಿದ್ದಿ ಹೇಳಲೆಂದು ಪಾವಗಡ ಕಡೆಯ ಒಬ್ಬ ಮಂಗಳಮುಖಿಯನ್ನು ಕರೆಸಿದ್ದರು. ಆಕೆಗೆ ಸಕ್ಕರೆ ಕಾಯಿಲೆ, ಕಾಲಲ್ಲಿ ಹುಣ್ಣು. ಹಿಂದೆ ಯಾವುದೋ ಆಸ್ಪತ್ರೆಯಲ್ಲಿ "ಗಂಡಸರ ಸಾಲೋ, ಹೆಂಗಸರ ಸಾಲೋ" ಎಂದು ಯಾರೋ ಕೂಗಿದ್ದಕ್ಕೆ ಎದ್ದು ಬಂದವರು, ಮತ್ತೆ ಯಾರಿಗೂ ಕಾಲು ತೋರಿಸಿರಲಿಲ್ಲ. ಹೀಗೇ ಬಿಟ್ಟರೆ ಕಾಲೇ ಹೋಗುತ್ತದೆ ಎಂದು ಹೇಳಿ ಹೇಳಿ ಮೇಡಂಗೆ ಸಾಕಾಗಿತ್ತು.

"ಮೊದ್ಲು ನಿಮ್ಮುಡುಗೀರು ಹೆಂಗ್ ನೋಡ್ಕೊತಾರೋ ನೋಡ್ತೀನಿ. ಆಮೇಲೆ ನನ್ ಕಾಲು," ಎಂದರು ಆಕೆ.

ಪಾಠವನ್ನು ನಾಟಕದ ಹಾಗೆ ಆಡಿ ಕಲಿಯುವುದೆಂದಾಯಿತು; ಹುಡುಗಿಯರೇ ನರ್ಸು, ರೋಗಿಯ ಪಾರ್ಟಿಗೆ ಒಬ್ಬರು ಬೇಕಿತ್ತು. ಬಡವನಹಳ್ಳಿ ಕಡೆಯ ನಾಟಕಗಳಲ್ಲಿ ಸೀರೆಯುಟ್ಟು ರಾಣಿ ಪಾರ್ಟು ಮಾಡಿದವನು ನಾನು, ಬೇರೆಯವರಿಗೆ ಬಿಡುತ್ತೇನೆಯೇ? ದುಪ್ಪಟ್ಟಾ ಹೊದ್ದು, ಸೊಂಟ ತಿರುಗಿಸುತ್ತ ಬಂದು, ಚಟೀರೆಂದು ಚಪ್ಪಾಳೆ ತಟ್ಟಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಆಕೆ ನಗಲಿಲ್ಲ. "ಏಮಯ್ಯಾ, ಕಾಲ್ ನೋವು ಅಂತ ಬಂದೋನು ಇಂಗ್ ಕುಣೀತೀಯಲ್ಲ, ನಿಂಗೆ ಡಾಕ್ಟ್ರು ಯಾಕೆ? ಓಲಗದೋರ್ನ ಕರ್ಸನ ಬುಡು!"

ಈ ಸಲ ಹುಡುಗಿಯರು ನಕ್ಕಿದ್ದು ನನ್ನನ್ನು ನೋಡಿ.

"ಮತ್ತೆ ಹೆಂಗ್ ಮಾಡ್ಬೇಕು?" ಎಂದೆ, ಸಿಟ್ಟಿನಲ್ಲೇ.

"ಎಲ್ರೂ ನನ್ನೇ ನೋಡ್ತಾವ್ರೆ ಅಂತ ಗೋಡೆ ಪಕ್ಕ ಮುದುರ್ಕೊಂಡು ಕೂತಿರ್ತೀನಿ. ಕೂತ್ಕೊ ಕಣ್ಲಾ, ಅದೇ ನಿನ್ ಪಾರ್ಟು."

ಸ್ಟೂಲಿನ ಮೇಲೆ ಕೂತೆ. ಕ್ಲಾಸಿನ ಅಷ್ಟೂ ಕಣ್ಣು ನನ್ನ ಮೇಲೆ. ಮಾತಿಲ್ಲದ ಪಾರ್ಟು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ, ಬೆವೆತುಹೋದೆ. ಮೊದಲು ಬಂದ ಹುಡುಗಿ, "ಮದ್ವೆ ಆಗಿದ್ಯಾ?" ಎಂದು ಶುರು ಮಾಡಿದಳು.

"ಹುಣ್ಣಿಗೂ ಮದ್ವೆಗೂ ಏನ್ ಸಂಬಂಧ ಕಣಮ್ಮ? ಗಂಡು ಹುಡುಕ್ಕೊಡ್ತೀಯಾ?" ಎಂದು ಆಕೆ ಕೂತಲ್ಲಿಂದಲೇ ಕುಟುಕಿದರು.

ಎರಡನೆಯವಳು ದೊಡ್ಡೇರಿಯವಳು, ಮಾತು ಕಡಿಮೆ. ಮೊದಲು ಪರದೆ ಎಳೆದಳು. ನನ್ನೆದುರು ಕುಕ್ಕರುಗಾಲಲ್ಲಿ ಕೂತು, ಮೆಲ್ಲಗೆ, "ನಿಮ್ಮನ್ನ ಏನಂತ ಕರೀಲಿ? ಕಾಲು ಮುಟ್ಲಾ?" ಎಂದಳು.

ಪರದೆ ಸರಿಯಿತು. ಆಕೆ ಕುಂಟುತ್ತ ಒಳಗೆ ಬಂದು, "ಲೇ, ಎದ್ದೇಳು. ಆ ಜಾಗ ನಂದು," ಎಂದರು.

ಎದ್ದೆ. ಆಕೆ ಕೂತು, ಸುತ್ತಿದ್ದ ಬಟ್ಟೆ ಬಿಚ್ಚಿ, ಹುಡುಗಿಯ ಮುಂದೆ ಕಾಲು ಚಾಚಿದರು.

"ಅಕ್ಕ ಅನ್ನು, ಸಾಕು. ಮುಟ್ಟಮ್ಮ. ನೋವಾದ್ರೆ ಈವಯ್ಯನ್ನ ಬೈತೀನಿ, ನಿನ್ನಲ್ಲ."