ಬಿದ್ದ ಗುಣ್ಯಾ

ಅದನ್ನು ನಾನೇ ಬದಲಾಯಿಸಿದೆನೋ, ಅವನೇ ತಪ್ಪಿ ಎತ್ತಿಕೊಂಡನೋ, ಇವತ್ತಿಗೂ ನನಗೆ ಖಚಿತವಿಲ್ಲ. ಒಂದು ನೆನಪಿನಲ್ಲಿ ನನ್ನ ಕೈ ಅವನ ಪೆಟ್ಟಿಗೆಯೊಳಗಿದೆ. ಇನ್ನೊಂದರಲ್ಲಿ ನಾನು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೇನೆ, ಅವನು ನನ್ನ ಮೇಜಿನ ಮೇಲಿದ್ದುದನ್ನು ತನ್ನದೆಂದುಕೊಂಡು ಎತ್ತಿಕೊಳ್ಳುತ್ತಾನೆ, ನಾನು ನೋಡಿಯೂ ಸುಮ್ಮನಿರುತ್ತೇನೆ. ಎರಡನೆಯದು ನನಗೆ ತುಸು ಅನುಕೂಲದ ನೆನಪು. ಅದಕ್ಕೇ ಅದರ ಮೇಲೆ ನನಗೆ ಹೆಚ್ಚು ಅನುಮಾನ.

ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ಸೇರಿ, ಅದನ್ನು ಅರ್ಧಕ್ಕೆ ಬಿಟ್ಟು, ಬೆಟಗೇರಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಆರು ತಿಂಗಳ ಫಿಟ್ಟರ್ ತರಬೇತಿಗೆ ಸೇರಿದ್ದೆ. ಯಾಕೆ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತಿದ್ದೆ. ತಗಡಿನ ಚಾವಣಿ, ಗೋಡೆಯಾಚೆ ಮಗ್ಗದ ಸದ್ದು, ಒಳಗೆ ಕಬ್ಬಿಣ ಕಚ್ಚಿ ಹಿಡಿಯುವ ಆರು ವೈಸು, ಆರು ಜನ. ಎಲ್ಲರಿಗೂ ಒಂದೊಂದು ಸುತ್ತಿಗೆ, ಹ್ಯಾಕ್ಸಾ, ತಿಕ್ಕಿ ಸಪಾಟು ಮಾಡುವ ಮೂರು ಕಾನಸು, ಒಂದು ಮೂಲೆಮಟ್ಟ. ಎರಡು ಅಂಚು ಕೂಡುವ ಮೂಲೆ ನೇರವಾಗಿದೆಯೇ ಎಂದು ನೋಡುವ ಈ ಉಕ್ಕಿನ ಸಾಧನವನ್ನು ಅಲ್ಲಿ ಎಲ್ಲರೂ ಗುಣ್ಯಾ ಅನ್ನುತ್ತಿದ್ದರು. ಆರೂ ಒಂದೇ ಅಂಗಡಿಯಿಂದ ತಂದವು. ಯಾವುದಕ್ಕೂ ಬೇರೆ ಗುರುತು ಇರಲಿಲ್ಲ.

ಮಾಸ್ತರಿಗೆ ಎಪ್ಪತ್ತರ ಹತ್ತಿರ. ನಾವು ತಿಕ್ಕಿ ತಂದ ಕಬ್ಬಿಣದ ತುಂಡಿಗೆ ಗುಣ್ಯಾ ಹಚ್ಚಿ ಕಿಟಕಿಯ ಕಡೆ ಹಿಡಿಯುತ್ತಿದ್ದರು. ಸಂದಿನಲ್ಲಿ ಬೆಳಕು ಕಂಡರೆ ಮುಗಿಯಿತು. ತುಂಡನ್ನು ಅಡಿಗಲ್ಲಿನ ಮೇಲಿಟ್ಟು, ನಟ್ಟನಡುವೆ ಚೂಪು ಮೊನೆಯ ಪಂಚ್ ಇಟ್ಟು, ಸುತ್ತಿಗೆಯಿಂದ ಒಂದೇ ಏಟು. ಆ ಕುಳಿ ಬಿದ್ದ ತುಂಡನ್ನು ಮತ್ತೆ ತಿಕ್ಕಿ ತರುವಂತಿಲ್ಲ.

ನನ್ನವಕ್ಕೆಲ್ಲ ಕುಳಿ ಬೀಳುತ್ತಿತ್ತು. ನನ್ನ ಕಾನಸು ತೂಗುಯ್ಯಾಲೆಯಂತೆ ಆಡುತ್ತಿದ್ದುದರಿಂದ ಅಂಚು ನಡುವೆ ಉಬ್ಬಿ, ತುದಿಗಳಲ್ಲಿ ಇಳಿದು ಹೋಗುತ್ತಿತ್ತು.

"ಕಬ್ಬಿಣಾ ತಿಕ್ಕಲೇ ಅಂದ್ರ ಇಡ್ಲಿ ಮಾಡೀಯಲ್ಲ ಎಮ್ಮೆಸ್ಸಿ," ಅನ್ನುತ್ತಿದ್ದರು ಮಾಸ್ತರು. "ಒಯ್ಯಿ, ನಿಮ್ಮ ಮನ್ಯಾಗ ಬಾಗ್ಲಾ ಬಡೀದಂಗ ಅಡ್ಡ ಇಡಾಕ ಬರ್ತೈತಿ."

ನನ್ನ ಪಕ್ಕದ ವೈಸಿನವನು ಲಕ್ಷ್ಮೇಶ್ವರದವನು, ನನಗಿಂತ ಐದು ವರ್ಷ ದೊಡ್ಡವನು. ಅವನ ಅಪ್ಪ ಸೈಕಲ್ಲಿನ ಮೇಲೆ ಹಳ್ಳಿಹಳ್ಳಿ ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಕಲಾಯಿ ಹಾಕಿಸುವವರೇ ಇಲ್ಲದ ಕಾಲದಲ್ಲೂ ಬಿಟ್ಟಿರಲಿಲ್ಲ. ಮಗನ ಕೈ ಮಾತ್ರ ಬೇರೆಯದೇ. ಕಣ್ಣು ಮುಚ್ಚಿ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಎಲ್ಲಿ ಏರಿದೆ ಎಂದು ತಿಳಿದು, ಅಲ್ಲಿ ಎರಡು ಸಲ ತಿಕ್ಕಿದರೆ ಸಪಾಟು. ಆರು ತಿಂಗಳಲ್ಲಿ ಅವನ ತುಂಡಿಗೆ ಒಂದೂ ಕುಳಿ ಬಿದ್ದಿರಲಿಲ್ಲ.

"ರೊಟ್ಟಿ ಬಡಿದಂಗ ಮೈಮ್ಯಾಲೆ ಬೀಳಬ್ಯಾಡ್ರಿ," ಎಂದು ನನಗೆ ಹೇಳಿಕೊಡುತ್ತಿದ್ದ. "ಮುಂದ ಹೋಗೂಮುಂದ ಒತ್ರಿ, ಹಿಂದ ಬರೂಮುಂದ ಹಗುರ ಬಿಡ್ರಿ. ಕಾನಸ ಹೋಗೂಮುಂದಷ್ಟ ತಿಂತೈತಿ."

"ನನ್ನ ಕೈ ಅಲ್ಲಾಡ್ತಾವ ಅಣ್ಣಾ."

"ಕೈ ಅಲ್ರಿ, ತಲಿ ಅಲ್ಲಾಡ್ತೈತಿ. ಓದಿದವರ ಹಣೇಬರಾನ ಇಷ್ಟು."

ಹೀಗೆ ನಗುತ್ತ ನನ್ನ ಕೈಗಳ ಮೇಲೆ ತನ್ನ ಕೈಯಿಟ್ಟು ಕಾನಸು ನಡೆಸುತ್ತಿದ್ದ. ನಾನು ಕೃತಜ್ಞನಾಗಿರಬೇಕಿತ್ತು. ಆ ಕೈಗಳ ಬಿಸಿ ತಾಗಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ಕೊನೆಯ ತಿಂಗಳು ಒಂದು ಸುದ್ದಿ ಬಂತು. ಮುಂಡರಗಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಡೆಸುವ ಕಂಪನಿಗೆ ಒಬ್ಬ ಫಿಟ್ಟರ್ ಬೇಕು. ಪರೀಕ್ಷೆ ಮಾಡಿ ಮಾಸ್ತರು ಒಬ್ಬನನ್ನು ಕಳಿಸಬೇಕು. ಯಾರು ಹೋಗುತ್ತಾರೆಂಬುದು ಎಲ್ಲರಿಗೂ ಗೊತ್ತೇ ಇತ್ತು.

"ಈ ಕೆಲಸಾ ಸಿಕ್ಕ ದಿನಾನ ಅಪ್ಪನ್ನ ಸೈಕಲ್ ಮ್ಯಾಲಿಂದ ಇಳಿಸ್ತೀನಿ," ಎಂದಿದ್ದ ಅವನು. ನನಗೆ ಆ ಕೆಲಸ ಬೇಕಿರಲಿಲ್ಲ. ಅವನು ಸೋಲುವುದು ಬೇಕಿತ್ತು. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಹಿಡಿದಿದೆ.

ಪರೀಕ್ಷೆಯ ದಿನ ಬೆಳಗ್ಗೆ ನನ್ನ ಗುಣ್ಯಾ ಸಿಮೆಂಟಿನ ನೆಲಕ್ಕೆ ಬಿತ್ತು. ಬಿದ್ದ ಗುಣ್ಯಾವನ್ನು ಆ ಕ್ಷಣವೇ ಮಾಸ್ತರಿಗೆ ಒಪ್ಪಿಸಬೇಕು, ಇದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಕೋನ ಕೆಟ್ಟಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಅದನ್ನು ನಂಬಿದವನ ಕೆಲಸವೆಲ್ಲ ಕೆಡುತ್ತದೆ. ನಾನು ಒಪ್ಪಿಸಲಿಲ್ಲ. ತಗಡಿನ ನೇರ ಅಂಚಿಗೆ ಅದನ್ನು ಹಚ್ಚಿ ಒಂದು ಗೆರೆ ಕೊರೆದೆ. ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಕೊರೆದೆ. ಸರಿ ಇದ್ದರೆ ಎರಡೂ ಒಂದೇ ಗೆರೆಯಾಗಬೇಕು. ಮೇಲೆ ಹೋದಂತೆ ಅವು ಅಗಲಿದವು.

ಊಟದ ನಂತರ ಪರೀಕ್ಷೆ ಶುರುವಾದಾಗ ಆ ಗುಣ್ಯಾ ಅವನ ಕೈಯಲ್ಲಿತ್ತು. ಅವನದು ನನ್ನ ಕೈಯಲ್ಲಿತ್ತು. ನಡುವಿನದು ಮಾತ್ರ ನನಗೆ ಸಿಗುತ್ತಿಲ್ಲ.

ಮೂರು ಗಂಟೆ ಸಮಯ. ಎರಡು ಅಂಚು ಸಪಾಟು ಮಾಡಿ, ಅವು ಕೂಡುವ ಒಂದು ಮೂಲೆಯನ್ನು ನೇರ ತರಬೇಕು, ಅಷ್ಟೇ. ಎರಡೇ ಗಂಟೆಗೆ ಅವನು ಮುಗಿಸಿದ. ಗುಣ್ಯಾ ಹಚ್ಚಿ ಬೆಳಕಿಗೆ ಹಿಡಿದು ನೋಡಿ, ಸಮಾಧಾನದಿಂದ ತುಂಡನ್ನು ಒರೆಸಿದ. ಆಮೇಲೆ ನನ್ನ ವೈಸಿನ ಕಡೆ ಬಗ್ಗಿ, ನನ್ನ ಅಂಚಿನ ಮೇಲೆ ಹೆಬ್ಬೆರಳು ಎಳೆದ.

"ಈ ತುದಿ ಇನ್ನೂ ಏರ ಐತ್ರಿ ಎಮ್ಮೆಸ್ಸಿ. ಎರಡ ಸಲ ತಿಕ್ರಿ, ಸಾಕು."

ಎರಡು ಸಲ ತಿಕ್ಕಿದೆ. ಮಾಸ್ತರು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಮ್ಮ ಗುಣ್ಯಾವನ್ನು ತೆಗೆದು ನನ್ನ ತುಂಡಿಗೆ ಹಚ್ಚಿದರು. ಪಂಚ್ ಮುಟ್ಟದೆ ಪಕ್ಕಕ್ಕಿಟ್ಟರು. ಆಮೇಲೆ ಅವನದು. ಒಮ್ಮೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಏನಪಾ, ಆರ ತಿಂಗಳ ನನ್ನ ಮುಂದ ನಾಟಕಾ ಮಾಡ್ದಿ?"

"ಇಲ್ರಿ ಮಾಸ್ತರ. ಈಗರ ನೋಡೇನ್ರಿ, ಬೆಳಕ ಇದ್ದಿದ್ದಿಲ್ರಿ."

"ಇದ್ದಿದ್ದಿಲ್ಲಾ? ನಿಮ್ಮಪ್ಪ ನಿನ್ನ ಕಣ್ಣಿಗೂ ಕಲಾಯಿ ಹಾಕ್ಯಾನೇನಲೇ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇದರ ಬಗ್ಗೆ ಅನುಮಾನವಿಲ್ಲ, ನಕ್ಕದ್ದು ನೆನಪಿದೆ.

"ಇನ್ನೊಂದ ತುಂಡ ಕೊಡ್ರಿ, ಮಾಡಿ ತೋರಸ್ತೀನ್ರಿ."

"ಕೈ ಸುಳ್ಳ ಹೇಳಿದ್ರ ಸರಿ ಮಾಡಬಹುದು. ಕಣ್ಣ ಸುಳ್ಳ ಹೇಳಿದ್ರ ಮುಗೀತು. ಹೋಗು, ಅಪ್ಪನ ಸೈಕಲ್ ಒರಸ್ಕೋತ ಕುಂಡ್ರು."

ಪಂಚ್ ಇಟ್ಟು ಹೊಡೆದರು. ಅವನು ಗುಣ್ಯಾವನ್ನು ಅನುಮಾನಿಸಲಿಲ್ಲ. ಅವನ ಸಾಧನ ಎಂದೂ ಕೆಳಗೆ ಬಿದ್ದಿರಲಿಲ್ಲವಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ತುಂಡನ್ನು ಎತ್ತಿಕೊಂಡು ಹೊರಗೆ ಹೋದ. ಎಲ್ಲರೂ ಹೋದ ಮೇಲೆ ನಾನು ಅವನ ಮೇಜಿನ ಮೇಲಿದ್ದ ಗುಣ್ಯಾವನ್ನು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ, ಬೇರೆ ಯಾರೂ ಅದನ್ನು ಪರೀಕ್ಷಿಸದಿರಲಿ ಎಂದು. ಇದೂ ಖರೆ. ಅದು ಈಗಲೂ ನನ್ನ ಹತ್ತಿರ ಇದೆ.

ನನಗೆ ಸಿಕ್ಕ ಗುಡ್ಡದ ಮೇಲಿನ ಆ ಕೆಲಸವನ್ನು ಎಂಟು ತಿಂಗಳಿಗೆ ಬಿಟ್ಟೆ. ಬೇಸರವಾಯಿತು.

ನಂತರದ ವರ್ಷಗಳಲ್ಲಿ ಸಂಶಯವೇ ನನಗೆ ಆಸರೆಯಾಯಿತು. ಗುಣ್ಯಾ ಸೊಟ್ಟಗಿತ್ತು, ಒಪ್ಪೋಣ. ಆದರೆ ಅವನ ಕೈಯೂ ಅಂದು ತಪ್ಪಿರಲಿಲ್ಲ ಎಂಬುದಕ್ಕೆ ಏನು ಪುರಾವೆ? ಅಷ್ಟು ಬೇಗ ಮುಗಿಸಿದ್ದ, ಅವಸರ ಮಾಡಿರಬಹುದು. ಒಳ್ಳೆಯ ಗುಣ್ಯಾ ಇದ್ದಿದ್ದರೂ ಸೋಲುತ್ತಿದ್ದನೇನೋ. ವಿಶ್ವವಿದ್ಯಾಲಯ ನನಗೆ ಕಲಿಸಿದ ವಿದ್ಯೆಯನ್ನು ನಾನು ಹೀಗೆ ಬಳಸಿದೆ.

ಅವನು ಶಿರಹಟ್ಟಿಯಲ್ಲಿ ಕಿಟಕಿಯ ಗ್ರಿಲ್ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆಂದು ಕೇಳಿ, ಹೋದ ಬೇಸಿಗೆಯಲ್ಲಿ ಬಸ್ಸು ಹತ್ತಿದೆ. ತಪ್ಪು ಒಪ್ಪಿಕೊಳ್ಳಬೇಕೆಂದು ಗುಣ್ಯಾವನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಹಾಗೆಂದು ಈಗ ಅಂದುಕೊಳ್ಳುತ್ತೇನೆ.

"ಅರೆ, ಎಮ್ಮೆಸ್ಸಿ! ಬರ್ರಿ, ಬರ್ರಿ, ಕುಂಡ್ರಿ." ಗುರುತು ಹಿಡಿದು ಸ್ಟೂಲು ಒರೆಸಿದ.

ಪಕ್ಕದ ಅಂಗಡಿಯ ಬಡಿಗ ಬಂದು, ನೆಲದ ಮೇಲಿದ್ದ ಗ್ರಿಲ್ಲಿನ ಚೌಕಟ್ಟಿಗೆ ತನ್ನ ಮೂಲೆಮಟ್ಟ ಹಚ್ಚಿ ನೋಡುತ್ತಿದ್ದ.

"ಎಷ್ಟ ವರ್ಷ ಆತೋ ಮಾರಾಯಾ, ಒಂದ ಮೂಲಿ ನೋಡಾಕ ನಾ ಎದ್ದ ಬರಬೇಕು? ಹೇಂತಿ ಮಾರಿ ನೋಡಾಕೂ ನನ್ನ ಕರೀತಿ ಏನು?"

"ನೋಡೋ ನೀ. ನನ್ನ ಕಣ್ಣ ಸುಳ್ಳ ಹೇಳ್ತಾವ." ನನ್ನ ಕಡೆ ತಿರುಗಿ ನಕ್ಕ. "ಮಾಸ್ತರ ಹೇಳಿದ್ದ ಖರೆ ಐತ್ರಿ. ಅವತ್ತಿಂದ ನಾ ಕಾನಸ ಮುಟ್ಟಿಲ್ಲ, ಗುಣ್ಯಾ ಮುಟ್ಟಿಲ್ಲ. ಬರೇ ಬೆಂಕಿ ಹಚ್ಚಿ ಅಂಟಸೂದು."

"ಅಪ್ಪಾರು?"

"ಹೋದ್ರು. ಸೊರಟೂರ ದಾರ್ಯಾಗ, ಸೈಕಲ್ ಸಮೇತ ಬಿದ್ದಿದ್ರು."

ಅಳತೆ ಬರೆದ ಚೀಟಿಗಳು ಹಾರದಂತೆ ಅವುಗಳ ಮೇಲೊಂದು ಕಬ್ಬಿಣದ ತುಂಡು ಇತ್ತು. ದಿನವೂ ಎಣ್ಣೆಗೈ ತಾಗಿ ಕಪ್ಪಾಗಿತ್ತು, ತುಕ್ಕು ಇರಲಿಲ್ಲ. ನಡುವೆ ಕುಳಿ. ನಾನು ನೋಡುವುದನ್ನು ಅವನು ನೋಡಿದ.

"ಅದ ನನ್ನ ಸರ್ಟಿಫಿಕೇಟ್ರಿ," ಎಂದು, ಚಹಾ ಹೇಳಿ ಬರಲು ಎದ್ದು ಹೋದ. ಬಡಿಗನೂ ಹೋಗಿದ್ದ.

ತುಂಡನ್ನು ಎತ್ತಿಕೊಂಡು ಚೀಲದಿಂದ ಗುಣ್ಯಾ ತೆಗೆದೆ. ಅದು ಸೊಟ್ಟಗಿದೆ ಎಂಬುದನ್ನು ಹಿಂದಿನ ದಿನವೇ ಮನೆಯಲ್ಲಿ ಗೆರೆ ಎಳೆದು ಮತ್ತೆ ನೋಡಿಕೊಂಡಿದ್ದೆ. ಮೂಲೆಗೆ ಹಚ್ಚಿ ಬೀದಿಯ ಬಿಸಿಲಿಗೆ ಹಿಡಿದೆ. ಮಗ್ಗುಲು ಬದಲಿಸಿ, ಇನ್ನೊಂದು ಅಂಚಿನಿಂದಲೂ ಹಿಡಿದೆ. ಅವನು ಚಹಾ ತರುವಷ್ಟರಲ್ಲಿ ಗುಣ್ಯಾ ಚೀಲದೊಳಗಿತ್ತು. ಚಹಾ ಕುಡಿದು ಬಸ್ಸಿಗೆ ಹೊರಟೆ. ಬೆಳಕು ಎಲ್ಲೂ ಬಂದಿರಲಿಲ್ಲ. ಆ ಸೊಟ್ಟ ಗುಣ್ಯಾ ಕೇಳಿದ ಕೋನವನ್ನು ಅವನ ಕೈ ಕೂದಲೆಳೆಯಷ್ಟೂ ತಪ್ಪದೆ ತಿಕ್ಕಿತ್ತು.